ಅಪ್ಪ ಅಮ್ಮನ ಮೊದಲ ವಿಮಾನ ಪ್ರಯಾಣ: ಸೀಟು, ಊಟ, ಸೇವೆ ಹೇಗಿರುತ್ತದೆ? ಅನುಭವ ಇದ್ದವರು ಹೇಳಿ

ಕ್ಯಾತ್ಸಂದ್ರದವನು
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನ. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ಅಪ್ಪನಿಗೆ 70 ದಾಟಿದೆ, ಆರಡಿ ಆಳು, ಕಾಲು ಮಡಚಿ ಕೂರಿಸಿದರೆ ಅರ್ಧ ಗಂಟೆಗೇ ಚಡಪಡಿಕೆ ಶುರು. ಅಮ್ಮನಿಗೆ ಮಂಡಿ ನೋವು. ನೆಗಡಿ ಬೇರೆ ಬೇಗ ಹಿಡಿಯುತ್ತದೆ. ಬುಕ್ ಮಾಡಲು ಹೋದರೆ ಸೀಟಿಗೆ ಬೇರೆ ದುಡ್ಡು, ಊಟಕ್ಕೆ ಬೇರೆ ದುಡ್ಡು ತೋರಿಸುತ್ತಿದೆ. ಕೊಡಬೇಕಾ, ಸುಮ್ನೆ ಬಿಡಬೇಕಾ? ಕಂಪನಿಗಳ ಜಾಹೀರಾತು ಬೇಡ, ಕೂತು ಬಂದವರು ಹೇಳಿ.

ನಂದಿ ತಪ್ಪಲು
ಚಿಕ್ಕಬಳ್ಳಾಪುರದವನು. ಕೆಲಸದ ಮೇಲೆ ತಿಂಗಳಿಗೆ ಹತ್ತಾರು ಗಂಟೆ ವಿಮಾನದಲ್ಲೇ ಕಳೆಯುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ಸೀಟು. ಕಡಿಮೆ ದರದ ವಿಮಾನಗಳಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ 28ರಿಂದ 30 ಇಂಚು ಇರುತ್ತದೆ. ಅದು ಕಾಲಿಗೆ ಸಿಗುವ ಜಾಗ ಅಂದುಕೊಳ್ಳಬೇಡಿ. ಸೀಟಿನ ದಪ್ಪವೂ ಅದರಲ್ಲೇ ಸೇರಿದೆ. ಆರಡಿ ಆಳಿಗೆ ಮಂಡಿ ಮುಂದಿನ ಸೀಟಿಗೆ ತಾಗಿಯೇ ತಾಗುತ್ತದೆ. ಅಗಲದ ಲೆಕ್ಕ ಬೇರೆ. ಏರ್‌ಬಸ್ ಎ320 ಆದರೆ ಸೀಟು ಸುಮಾರು 18 ಇಂಚು, ಬೋಯಿಂಗ್ 737 ಆದರೆ ಸುಮಾರು 17. ಒಂದೇ ಇಂಚು ತಾನೇ ಅನ್ನಬಹುದು. ಮೂರು ಜನ ದಪ್ಪಗಿರುವವರು ಅಕ್ಕಪಕ್ಕ ಕೂತಾಗ ಆ ಒಂದಿಂಚಿನ ಬೆಲೆ ತಿಳಿಯುತ್ತದೆ. ಟಿಕೆಟ್ ಬುಕ್ ಮಾಡುವ ಪುಟದಲ್ಲಿ ಯಾವ ವಿಮಾನ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿಕೊಳ್ಳಿ.

ಅಪ್ಪನಿಗೆ ದುಡ್ಡು ಕೊಟ್ಟಾದರೂ ನಡುದಾರಿ ಪಕ್ಕದ ಸೀಟು ಹಿಡಿಯಿರಿ, ಒಂದು ಕಾಲನ್ನಾದರೂ ಆಗಾಗ ಚಾಚಬಹುದು. ಮುಂದಿನ ಸಾಲಿನ ಹೆಚ್ಚು ಜಾಗದ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ತುರ್ತು ಬಾಗಿಲ ಸಾಲು ತೆಗೆದುಕೊಳ್ಳಬೇಡಿ. ಅಲ್ಲಿ ಜಾಗ ಜಾಸ್ತಿ ನಿಜ, ಆದರೆ ಬಾಗಿಲು ತೆಗೆಯುವ ಶಕ್ತಿ ಇರುವವರನ್ನು ಮಾತ್ರ ಕೂರಿಸುತ್ತಾರೆ. ವಯಸ್ಸಾದವರನ್ನು, ವೀಲ್‌ಚೇರ್ ಕೇಳಿದವರನ್ನು ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ.

ಶಿಡ್ಲಘಟ್ಟ ಗೂಡು
ದುಡ್ಡು ಯಾಕೆ ಕೊಡಬೇಕು? ವೆಬ್ ಚೆಕ್-ಇನ್, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಬೋರ್ಡಿಂಗ್ ಪಾಸ್ ತೆಗೆಯುವಾಗ, ಸುಮ್ನೆ ಬಿಟ್ಟರೆ ಅವರೇ ಯಾವುದೋ ಸೀಟು ಕೊಡುತ್ತಾರೆ. ಸೀಟಿಲ್ಲದೆ ನಿಂತುಕೊಂಡು ಹೋಗಿ ಅಂತ ಯಾರೂ ಹೇಳಲ್ಲ ಗುರು.

ನಂದಿ ತಪ್ಪಲು
ಕೊಡುತ್ತಾರೆ, ಇಲ್ಲ ಅನ್ನಲಿಲ್ಲ. ಆದರೆ ಅಪ್ಪ 6ನೇ ಸಾಲಿನ ನಡುಸೀಟು, ಅಮ್ಮ 23ನೇ ಸಾಲು, ಮಗ ಕೊನೆಯಲ್ಲಿ ಅಂತ ಬರಬಹುದು. ಮೊದಲ ಸಲ ಹೋಗುವವರನ್ನು ಹಾಗೆ ಬಿಡುತ್ತೀರಾ? ಮಕ್ಕಳ ವಿಷಯದಲ್ಲಿ ಮಾತ್ರ ನಿಯಮ ಇದೆ. 12 ವರ್ಷದವರೆಗಿನ ಮಗುವಿಗೆ ಅದೇ ಟಿಕೆಟಿನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕ ಸೀಟು ಕೊಡಬೇಕು ಅಂತ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರಲ್ಲಿ ಹೇಳಿದೆ. ವಯಸ್ಸಾದವರಿಗೆ ಆ ಥರದ್ದು ನಾನು ಕಂಡಿಲ್ಲ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ.

ನಿವೃತ್ತ ಮೇಷ್ಟ್ರು
ನಾನು ತುಮಕೂರಿನಲ್ಲೇ ಇರುವುದು, ಬಿ.ಎಚ್. ರಸ್ತೆ. ಹಳೇ ಎಚ್‌ಎಎಲ್ ನಿಲ್ದಾಣದಿಂದ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಹೋದವನು. ಹತ್ತಿ ಕೂತ ಕೂಡಲೇ ತಟ್ಟೆಯಲ್ಲಿ ಚಾಕೊಲೇಟು, ಕಿವಿಗೆ ಹತ್ತಿ ತಂದು ಕೊಡುತ್ತಿದ್ದರು. ಊಟ ಕೊಡುತ್ತಿದ್ದರು. ಅದಕ್ಕೆ ಬೇರೆ ದುಡ್ಡಿರಲಿಲ್ಲ. ಈಗ ಏನು ನೋಡಿ, ಬಿಸಿನೀರಿಗೆ ಪುಡಿ ಹಾಕಿ ಉಪ್ಪಿಟ್ಟು ಅಂತ ಡಬ್ಬದಲ್ಲಿ ಕೊಟ್ಟು ಕೈಚಾಚುತ್ತಾರೆ. ಇದನ್ನು ಸೇವೆ ಅಂತ ಕರೆಯುವುದೇ ತಪ್ಪು.

ಮುಳಬಾಗಿಲು ದೋಸೆ
ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಆ ಕಾಲದಲ್ಲಿ ಆ ವಿಮಾನದಲ್ಲಿ ನಮ್ಮಪ್ಪನಂಥ ರೈತರು ಎಷ್ಟು ಜನ ಇದ್ದರು? ಟಿಕೆಟ್ ದುಡ್ಡಿನಲ್ಲಿ ಒಂದು ಹಸು ಬರುತ್ತಿತ್ತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ ಮೇಲೆ ತಾನೇ ಟಿಕೆಟ್ ಬೇರೆ, ಊಟ ಬೇರೆ ಅನ್ನುವುದು ನಮ್ಮಲ್ಲಿ ಬಂದಿದ್ದು. ಊಟ ತೆಗೆದುಹಾಕಿದ್ದಕ್ಕೆ ನಮ್ಮಂಥವರು ಹತ್ತಲು ಆಯಿತು. ನನಗೆ ಆ ಲೆಕ್ಕ ಸರಿ ಅನ್ನಿಸುತ್ತದೆ. ಮನೆಯಿಂದ ಚಪಾತಿ ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಯಾರು ಬೇಡ ಅನ್ನುತ್ತಾರೆ?

ನಿವೃತ್ತ ಮೇಷ್ಟ್ರು
ಟಿಕೆಟ್ ಅಗ್ಗ ಆಗಿದ್ದಕ್ಕೆ ನನ್ನ ತಕರಾರಿಲ್ಲ. ಹಬ್ಬದ ವಾರದಲ್ಲಿ ಅದೇ ಟಿಕೆಟ್ಟಿಗೆ ಮೂರು ಪಟ್ಟು ತೆಗೆದುಕೊಳ್ಳುತ್ತಾರಲ್ಲ, ಆಗಲಾದರೂ ಒಂದು ಲೋಟ ಕಾಫಿ ಕೊಡಬಹುದಲ್ವಾ?

ಮುಳಬಾಗಿಲು ದೋಸೆ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ 😀

ಕೋಲಾರದ ಹಳೇ ಕ್ರೂ
ನಾನು ಕೆಲವು ವರ್ಷ ಕ್ಯಾಬಿನ್ ಕ್ರೂ, ಅಂದರೆ ಗಗನಸಖಿ ಆಗಿದ್ದವಳು, ಈಗ ಬಿಟ್ಟಿದ್ದೇನೆ. ಕಂಪನಿ ಹೆಸರು ಕೇಳಬೇಡಿ. ಕಾಫಿ ಮಾತು ಬಂತಲ್ಲ, ಅಲ್ಲಿಂದಲೇ ಹೇಳುತ್ತೇನೆ.

ವಿಮಾನ 35 ಸಾವಿರ ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6ರಿಂದ 8 ಸಾವಿರ ಅಡಿ ಎತ್ತರದ ಲೆಕ್ಕಕ್ಕೆ ಇಟ್ಟಿರುತ್ತಾರೆ. 8 ಸಾವಿರ ಅಡಿ ಅಂದರೆ ಸುಮಾರು 2400 ಮೀಟರ್. ನಮ್ಮ ನಂದಿಬೆಟ್ಟ 1478 ಮೀಟರ್, ಊಟಿ ಸುಮಾರು 2240. ಅಂದರೆ ಊಟಿಗಿಂತ ಮೇಲೆ ಕೂತ ಹಾಗೆ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಡಿಕಾಕ್ಷನ್ ಸರಿಯಾಗಿ ಇಳಿಯಲ್ಲ. ಜೊತೆಗೆ ಗಾಳಿ ಬಹಳ ಒಣ, ತೇವ ಶೇ. 20ಕ್ಕಿಂತ ಕಡಿಮೆ. ಮೂಗು ಒಣಗುತ್ತದೆ, ವಾಸನೆ ಹಿಡಿಯಲ್ಲ. ಎಂಜಿನ್ ಸದ್ದು ಬೇರೆ. ಹೀಗಾಗಿ ಉಪ್ಪು, ಸಿಹಿ ಎರಡೂ ಸಪ್ಪೆ ಅನ್ನಿಸುತ್ತವೆ. ಟೊಮ್ಯಾಟೊ ರುಚಿ ಮಾತ್ರ ಮೇಲೆ ಚೆನ್ನಾಗಿಯೇ ಉಳಿಯುತ್ತದೆ, ಅದಕ್ಕೇ ವಿದೇಶಿ ವಿಮಾನಗಳಲ್ಲಿ ಟೊಮ್ಯಾಟೊ ಜ್ಯೂಸ್ ಅಷ್ಟೊಂದು ಹೋಗುವುದು. ನಮ್ಮ ಎಪಿಎಂಸಿಯವರಿಗೆ ಹೇಳಬೇಕು.

ಊಟದ ಬಗ್ಗೆ ನನ್ನ ಮಾತು ಇಷ್ಟೇ. ಎರಡೂವರೆ ಗಂಟೆ ಪ್ರಯಾಣಕ್ಕೆ ಊಟ ಬುಕ್ ಮಾಡಲೇಬೇಕು ಅಂತೇನಿಲ್ಲ. ಹಿರಿಯರು ಹೊತ್ತಿಗೆ ಸರಿಯಾಗಿ ತಿನ್ನುವವರಾದರೆ, ಸಕ್ಕರೆ ಕಾಯಿಲೆ ಇದ್ದರೆ, ಕೈಯಲ್ಲಿ ತಿಂಡಿ ಇರಲಿ. ಕುಡಿಯುವ ನೀರು ಕೇಳಿದರೆ ಕೊಡುತ್ತಾರೆ. ತುಂಬ ಜನ ಕೇಳಲು ನಾಚಿಕೊಂಡು ಬಾಯಿ ಒಣಗಿಸಿಕೊಂಡು ಕೂರುತ್ತಾರೆ, ಅದನ್ನು ನೋಡಿ ನೋಡಿ ಸಾಕಾಗಿದೆ. ತಲೆ ಮೇಲೆ ಗುಂಡಿ ಇರುತ್ತದೆ, ಒತ್ತಿ.

ಬಾಗೇಪಲ್ಲಿ ಗಡಿ
ಒತ್ತಿದರೆ ಬರಬೇಕಲ್ಲ ಅಕ್ಕ! ನಾನು ದುಬೈಯಿಂದ ಬರುವಾಗ ಒತ್ತಿ ಇಟ್ಟಿದ್ದೇ ಬಂತು. ಪಕ್ಕದ ಸಾಲಿನ ಕೋಟು ಹಾಕಿದವರಿಗೆ ನಗುತ್ತಾ ನೀರು, ನಮಗೆ ಮುಖ ಗಂಟು. ಗಲ್ಫ್‌ನಿಂದ ಬರುವ ಕೂಲಿಯವರು ಅಂದರೆ ಲೆಕ್ಕಕ್ಕೇ ಇಲ್ಲ. ಫಾರಂ ತುಂಬಲು ಪೆನ್ ಕೇಳಿದ್ದಕ್ಕೆ ಗದರಿಸಿದರು. ಟಿಕೆಟ್ಟಿಗೆ ನಾನೂ ಅಷ್ಟೇ ದುಡ್ಡು ಕೊಟ್ಟಿದ್ದೆ.

ಕೋಲಾರದ ಹಳೇ ಕ್ರೂ
ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ನಾನು ಅದನ್ನು ಸಮರ್ಥಿಸಲ್ಲ. ಗಲ್ಫ್ ವಿಮಾನಗಳಲ್ಲಿ ಬಟ್ಟೆ ನೋಡಿ ಮಾತಾಡುವ ಸಹೋದ್ಯೋಗಿಗಳು ನನಗೂ ಸಿಕ್ಕಿದ್ದರು. ಅಂಥವರ ಮೇಲೆ ದೂರು ಕೊಡಬೇಕು, ಕೊಡುವವರು ಕಡಿಮೆ. ವಿಮಾನದ ಸಂಖ್ಯೆ, ದಿನಾಂಕ, ಸೀಟ್ ನಂಬರ್ ಬರೆದು ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್ಲಿಗೆ ಹಾಕಿ. ಸುಮ್ನೆ ಸ್ಟೇಟಸ್ ಹಾಕಿದರೆ ಏನೂ ಆಗಲ್ಲ.

ಆದರೆ ಒಂದು ವಿಷಯ ಇನ್ನೊಂದು ಕಡೆಯಿಂದಲೂ ನೋಡಿ. ನಿಯಮದ ಪ್ರಕಾರ 50 ಸೀಟಿಗೆ ಒಬ್ಬ ಕ್ರೂ ಸಾಕು. 180 ಸೀಟಿನ ವಿಮಾನದಲ್ಲಿ ನಾಲ್ಕೇ ಜನ. ಬೆಂಗಳೂರಿನಿಂದ ಚೆನ್ನೈ ಥರದ ಸಣ್ಣ ಹಾರಾಟದಲ್ಲಿ, ಸೀಟ್ ಬೆಲ್ಟ್ ಹಾಕಿಕೊಳ್ಳಿ ಅಂತ ತೋರಿಸುವ ಬೆಲ್ಟ್ ದೀಪ ಆರಿದ ಮೇಲೆ ಸಿಗುವುದೇ ಅರ್ಧ ಗಂಟೆಗೆ ಹತ್ತಿರ ಹತ್ತಿರ. ಅಷ್ಟರಲ್ಲಿ ಗಾಡಿ ತಳ್ಳಬೇಕು, ಚಿಲ್ಲರೆ ಕೊಡಬೇಕು, ಕಸ ಎತ್ತಬೇಕು, ವಾಂತಿ ಮಾಡಿಕೊಂಡವರನ್ನು ನೋಡಬೇಕು. ಮತ್ತೆ, ಆ ನಾಲ್ಕು ಜನ ಇರುವುದು ಮೊದಲು ಕಾಫಿ ಕೊಡುವುದಕ್ಕಲ್ಲ. ಬೆಂಕಿ ಬಿದ್ದರೆ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಇಳಿಸಬಹುದು ಅಂತ ತೋರಿಸಿದ ಮೇಲೆಯೇ ಆ ಮಾದರಿಯ ವಿಮಾನಕ್ಕೆ ಒಪ್ಪಿಗೆ ಕೊಡುವುದು. ನಮ್ಮ ತರಬೇತಿಯಲ್ಲಿ ಹೆಚ್ಚಿನ ಹೊತ್ತು ಹೋಗಿದ್ದೇ ಅದಕ್ಕೆ. ಏರುವಾಗ ಇಳಿಯುವಾಗ ಕಿಟಕಿ ಪರದೆ ತೆಗೆಸುವುದು, ರಾತ್ರಿ ದೀಪ ಮಂಕು ಮಾಡುವುದು ಎಲ್ಲಾ ಅದಕ್ಕೇ. ಹೊರಗೆ ಏನಾಗಿದೆ ಅಂತ ಕಾಣಬೇಕು, ಕಣ್ಣು ಕತ್ತಲೆಗೆ ಹೊಂದಿಕೊಂಡಿರಬೇಕು. ಜನ ಮಾತ್ರ ಇದನ್ನು ನಮ್ಮ ದರ್ಪ ಅಂದುಕೊಳ್ಳುತ್ತಾರೆ.

ಚಿಂತಾಮಣಿ ಅಮ್ಮ
ಆ ಭದ್ರತೆ ಮಾತನ್ನೆಲ್ಲ ಹೇಳುವುದು ಯಾವ ಭಾಷೆಯಲ್ಲಿ ಮೇಡಂ? ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ನಮ್ಮ ಅತ್ತೆ ಪಕ್ಕ ಕೂತಿದ್ದರು. ಇಂಗ್ಲಿಷ್ ಆಯಿತು, ಹಿಂದಿ ಆಯಿತು. ಎರಡೂ ಅವರಿಗೆ ಬರಲ್ಲ. ಆಮ್ಲಜನಕದ ಮಾಸ್ಕ್, ಜೀವ ಉಳಿಸುವ ಜಾಕೆಟ್ ಬಗ್ಗೆ ನಾನೇ ಕಿವಿಯಲ್ಲಿ ಹೇಳಿದೆ. ಹೊರಡುವ ಊರೂ ಕರ್ನಾಟಕ, ಇಳಿಯುವ ಊರೂ ಕರ್ನಾಟಕ. ಸಮೋಸ ಮಾರುವುದನ್ನು ಯಾವ ಭಾಷೆಯಲ್ಲಾದರೂ ಹೇಳಿಕೊಳ್ಳಲಿ, ಜೀವದ ವಿಷಯ ಕನ್ನಡದಲ್ಲಿ ಹೇಳಬೇಕು.

ಶಿಡ್ಲಘಟ್ಟ ಗೂಡು
ಇದಕ್ಕೆ ನೂರು ಲೈಕ್.

ನಂದಿ ತಪ್ಪಲು
ಕೆಲವು ವಿಮಾನಗಳಲ್ಲಿ ಕನ್ನಡ ಬರುವ ಕ್ರೂ ಇದ್ದರೆ ಕನ್ನಡದಲ್ಲೂ ಹೇಳುತ್ತಾರೆ, ನಾನು ಕೇಳಿದ್ದೇನೆ. ಆದರೆ ಅದು ಅದೃಷ್ಟದ ಮಾತಾಯಿತು. ರೆಕಾರ್ಡ್ ಮಾಡಿ ಹಾಕಲು ಏನು ಕಷ್ಟ ಅಂತ ಅರ್ಥ ಆಗಲ್ಲ. ಇದರಲ್ಲಿ ನಾನು ಚಿಂತಾಮಣಿ ಅಮ್ಮನ ಪಕ್ಷ.

ಕೋಲಾರದ ಹಳೇ ಕ್ರೂ
ನಾನಂತೂ ಹೇಳುತ್ತಿದ್ದೆ. ಹೇಳಿದ ಕೂಡಲೇ ಹಿಂದಿನ ಸಾಲುಗಳಲ್ಲಿ ನಾಲ್ಕು ಮುಖ ಅರಳುತ್ತಿದ್ದವು. ಆಮೇಲೆ ಅವರು ನೀರು ಕೇಳಲು ನಾಚುತ್ತಿರಲಿಲ್ಲ. ಕ್ಯಾತ್ಸಂದ್ರದವರೇ, ಹತ್ತುವಾಗಲೇ ಕ್ರೂಗೆ "ಅಪ್ಪ ಅಮ್ಮನಿಗೆ ಇದು ಮೊದಲ ಸಲ, ಕನ್ನಡ ಮಾತ್ರ ಬರುತ್ತದೆ" ಅಂತ ಒಂದು ಮಾತು ಹಾಕಿ. ತುಂಬ ವ್ಯತ್ಯಾಸ ಆಗುತ್ತದೆ.

ಕ್ಯಾತ್ಸಂದ್ರದವನು
ಇಷ್ಟೊಂದು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಅಮ್ಮನ ಮಂಡಿಗೆ ವೀಲ್‌ಚೇರ್ ಕೇಳಬೇಕಾ? ಅವರು ನಡೆಯುತ್ತಾರೆ, ಆದರೆ ಮೆಟ್ಟಿಲು ಕಷ್ಟ. ಇನ್ನೊಂದು ಕಿವಿ. ಅವರಿಗೆ ನಂದಿಬೆಟ್ಟ ಇಳಿಯುವಾಗಲೇ ಕಿವಿ ಕಟ್ಟಿಕೊಳ್ಳುತ್ತದೆ.

ಕೆಜಿಎಫ್ ಸೈನೈಡ್ ದಿಬ್ಬ
ವೀಲ್‌ಚೇರ್ ಕೇಳಿ ಸರ್, ಫ್ರೀ. ಸಾಲೇ ನಿಲ್ಲಬೇಕಾಗಿಲ್ಲ, ಜೊತೆಗಿರುವ ನಿಮಗೂ ಲಾಭ. ಎಲ್ಲರೂ ಮಾಡುವುದು ಅದನ್ನೇ.

ಕೋಲಾರದ ಹಳೇ ಕ್ರೂ
ಈ ಮಾತಿಗೇ ನನಗೆ ಸಿಟ್ಟು ಬರುವುದು. ಸಾಲು ತಪ್ಪಿಸಲು ವೀಲ್‌ಚೇರ್ ಕೇಳಿ, ಇಳಿದ ಮೇಲೆ ದಡದಡ ಓಡುವವರನ್ನು ಎಷ್ಟು ಜನರನ್ನು ನೋಡಿದ್ದೇನೆ. ನಿಜಕ್ಕೂ ಬೇಕಾದವರು ಆಗ ಬಾಗಿಲ ಹತ್ತಿರ ಕಾಯುತ್ತಾ ಕೂತಿರುತ್ತಾರೆ. ಇರುವ ಕುರ್ಚಿ ಎಷ್ಟು, ತಳ್ಳುವವರು ಎಷ್ಟು? ನಿಮ್ಮ ಅಮ್ಮನಿಗೆ ಖಂಡಿತ ಬೇಕು, ಕೇಳಿ. ಕೇಳುವಾಗ ಸರಿಯಾಗಿ ಹೇಳಿ. ಸಮತಟ್ಟಿನಲ್ಲಿ ನಡೆಯುತ್ತಾರೆ, ಮೆಟ್ಟಿಲು ಆಗಲ್ಲ ಅಂದರೆ ಅವರ ಭಾಷೆಯಲ್ಲಿ ಅದು ಡಬ್ಲ್ಯುಸಿಎಚ್‌ಎಸ್. ದೂರ ನಡೆಯುವುದು ಮಾತ್ರ ಕಷ್ಟ ಅಂದರೆ ಡಬ್ಲ್ಯುಸಿಎಚ್‌ಆರ್. ಒಳಗೆ ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕಾದರೆ ಡಬ್ಲ್ಯುಸಿಎಚ್‌ಸಿ. ಇದು ಯಾಕೆ ಮುಖ್ಯ ಅಂದರೆ ಏರೋಬ್ರಿಡ್ಜ್ (ನಿಲ್ದಾಣದಿಂದ ನೇರ ವಿಮಾನದ ಬಾಗಿಲಿಗೆ ನಡೆದು ಹೋಗುವ ಸೇತುವೆ) ಸಿಗದೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸುವ ದಿನಗಳಿರುತ್ತವೆ. ಆಗ ಸರಿಯಾದ ಕೋಡ್ ಇದ್ದರೆ ಮಾತ್ರ ಲಿಫ್ಟ್ ಗಾಡಿಗೋ ರ‍್ಯಾಂಪಿಗೋ ವ್ಯವಸ್ಥೆ ಮಾಡುತ್ತಾರೆ. 48 ಗಂಟೆ ಮೊದಲೇ ಟಿಕೆಟ್ಟಿನಲ್ಲಿ ಸೇರಿಸಿ. ಕೌಂಟರಿಗೆ ಹೋಗಿ ಕೇಳೋಣ ಅಂದುಕೊಳ್ಳಬೇಡಿ.

ಕಿವಿ ವಿಷಯ. ಏರುವಾಗ ಅಷ್ಟೇನಿಲ್ಲ, ಇಳಿಯುವಾಗಲೇ ಜಾಸ್ತಿ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ, ಅದು ತೆರೆದುಕೊಂಡರೆ ಒಳಗಿನ ಹೊರಗಿನ ಒತ್ತಡ ಸಮ ಆಗುತ್ತದೆ. ಎಂಜಲು ನುಂಗಿದರೆ, ಆಕಳಿಸಿದರೆ ತೆರೆಯುತ್ತದೆ. ಇಳಿಯುವ ಅರ್ಧ ಗಂಟೆ ಮೊದಲು ಅಮ್ಮ ನಿದ್ದೆ ಮಾಡದ ಹಾಗೆ ನೋಡಿಕೊಳ್ಳಿ. ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಕೊಡಿ. ಮಕ್ಕಳಿದ್ದವರು ಅದೇ ಹೊತ್ತಿಗೆ ಹಾಲು ಕುಡಿಸಬೇಕು. ಜೋರು ನೆಗಡಿ ಇದ್ದರೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಿವೃತ್ತ ಮೇಷ್ಟ್ರು
ಹಾಗಾದರೆ ಆ ಕಾಲದ ಚಾಕೊಲೇಟ್ ಸುಮ್ನೆ ಕೊಡುತ್ತಿರಲಿಲ್ಲ ಅಂತಾಯಿತು. ನೋಡಿದಿರಾ!

ಪಾವಗಡ ಬಿಸಿಲು
ಎಸಿ ಬಗ್ಗೆ ಯಾರೂ ಹೇಳಲಿಲ್ಲ. ಬಾಗಿಲು ಹಾಕಿ ನಲವತ್ತು ನಿಮಿಷ ನೆಲದ ಮೇಲೇ ನಿಲ್ಲಿಸಿದ್ದರು ಒಂದು ಸಲ, ಮೇ ತಿಂಗಳು, ಒಳಗೆ ಬೆವರು ಸುರಿದು ಅಂಗಿ ಒದ್ದೆ, ಎಲ್ಲರೂ ಭದ್ರತಾ ಕಾರ್ಡಿನಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಪಾವಗಡದವನಿಗೇ ಸೆಕೆ ಆಯಿತು ಅಂದರೆ ಲೆಕ್ಕ ಹಾಕಿ. ಇಷ್ಟು ದೊಡ್ಡ ಯಂತ್ರದಲ್ಲಿ ಎಸಿ ಸರಿಯಾಗಿ ಕೆಲಸ ಮಾಡಲ್ವಾ?

ನಂದಿ ತಪ್ಪಲು
ಎಂಜಿನ್ ಓಡುತ್ತಿರುವಾಗ ಅದರಿಂದ ಗಾಳಿ ತೆಗೆದುಕೊಂಡು ಎಸಿ ನಡೆಯುತ್ತದೆ. ನಿಂತಿರುವಾಗ ಬಾಲದಲ್ಲಿರುವ ಸಣ್ಣ ಎಂಜಿನ್ನೋ ನೆಲದಿಂದ ಕೊಡುವ ಗಾಳಿಯೋ ಬೇಕು. ಅದರಲ್ಲಿ ಕೊರತೆ ಆದರೆ ಬೇಯುತ್ತೀರಿ. ಹಾರಲು ಶುರುವಾದ ಮೇಲೆ ಸರಿಹೋಗುತ್ತದೆ, ಆಮೇಲೆ ಚಳಿ. ಅಮ್ಮನಿಗೆ ಶಾಲು ಕೈಚೀಲದಲ್ಲೇ ಇರಲಿ. ಕಡಿಮೆ ದರದವರು ಹೊದಿಕೆ ಕೊಡಲ್ಲ.

ಇನ್ನೊಂದು, ಹತ್ತಿ ಕೂತಾಗ ಮೇಲಿನಿಂದ ಬಿಳಿ ಹೊಗೆ ಥರ ಇಳಿಯುವುದು ಕಾಣಬಹುದು. ಹೊಗೆ ಅಲ್ಲ, ತೇವದ ಗಾಳಿ ಎಸಿಯ ತಣ್ಣನೆಗೆ ಮಂಜಾಗಿರುತ್ತದೆ. ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಹಿರಿಯರು ಗಾಬರಿ ಆಗುತ್ತಾರೆ.

ಶಿಡ್ಲಘಟ್ಟ ಗೂಡು
ಸೀಟು ಹಿಂದಕ್ಕೆ ಬಾಗಿಸುವವರ ಬಗ್ಗೆಯೂ ಚರ್ಚೆ ಆಗಲಿ. ನಾನು ಲ್ಯಾಪ್‌ಟಾಪ್ ತೆಗೆದಿಟ್ಟರೆ ಮುಂದಿನವನು ಧಡ್ ಅಂತ ಒರಗುತ್ತಾನೆ.

ಕೆಜಿಎಫ್ ಸೈನೈಡ್ ದಿಬ್ಬ
ಬಾಗುವ ಗುಂಡಿ ಕೊಟ್ಟಿದ್ದಾರೆ ಅಂದ ಮೇಲೆ ಬಾಗುತ್ತೇನೆ. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?

ಶಿಡ್ಲಘಟ್ಟ ಗೂಡು
ಅಪ್ಪಣೆ ಬೇಡ. ಒಂದು ಸಲ ಹಿಂತಿರುಗಿ ನೋಡಿದರೆ ಸಾಕು.

ಚಿಂತಾಮಣಿ ಅಮ್ಮ
ಊಟ ಕೊಡುವಾಗ ನೆಟ್ಟಗೆ, ಮಿಕ್ಕ ಹೊತ್ತಿನಲ್ಲಿ ನಿಧಾನವಾಗಿ. ಮುಗಿಯಿತು. ಇದಕ್ಕೆ ಜಗಳ ಬೇಡ. ಕೊನೆಯ ಸಾಲು ಮಾತ್ರ ಬುಕ್ ಮಾಡಬೇಡಿ, ಅಲ್ಲಿ ಸಾಮಾನ್ಯವಾಗಿ ಸೀಟು ಬಾಗುವುದೂ ಇಲ್ಲ, ಶೌಚಾಲಯದ ಸಾಲು ತಲೆ ಮೇಲೇ ನಿಂತಿರುತ್ತದೆ.

ತಿಪಟೂರು ತೋಟ
ಕಾಶಿ ಅಂದ ಮೇಲೆ ಕೊಬ್ಬರಿ ತೆಗೆದುಕೊಂಡು ಹೋಗುತ್ತಾರೆ ನಮ್ಮ ಕಡೆ ಹಿರಿಯರು. ಇಡೀ ಒಣ ಕೊಬ್ಬರಿ ಲಗೇಜಿನಲ್ಲಿ ಬಿಡುವುದಿಲ್ಲ. ನಮ್ಮ ಚೀಲ ತೆಗೆಸಿ ಅಲ್ಲೇ ಕಸದ ಡಬ್ಬಕ್ಕೆ ಹಾಕಿದರು, ಒಂದನೇ ದರ್ಜೆ ಕೊಬ್ಬರಿ, ಹೊಟ್ಟೆ ಉರಿಯಿತು. ಅದರಲ್ಲಿ ಎಣ್ಣೆ ಜಾಸ್ತಿ ಅಲ್ವಾ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅಪಾಯದ ಸರಕಿನ ಪಟ್ಟಿಯಲ್ಲಿಟ್ಟಿದ್ದಾರೆ. ಗೋದಾಮಿನಲ್ಲಿ ಕೊಬ್ಬರಿ ರಾಶಿ ಕಾವೇರುವುದನ್ನು ನೋಡಿದವರು ನಾವು, ಆದ್ದರಿಂದ ಕಾರಣ ಒಪ್ಪುತ್ತೇನೆ. ಹಾಗೆಯೇ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಹಾಕಬಾರದು. ಉಪ್ಪಿನಕಾಯಿ ಇದ್ದರೆ ಉಲ್ಟಾ, ಅದು ಕೆಳಗಿನ ಲಗೇಜಿಗೆ.

ಮುಳಬಾಗಿಲು ದೋಸೆ
ಕುಲುಕಾಟದ ಬಗ್ಗೆ ಹೇಳಿ ಯಾರಾದರೂ. ನಮ್ಮಮ್ಮ ದೇವರ ಹೆಸರು ಜೋರಾಗಿ ಹೇಳಲು ಶುರು ಮಾಡಿದ್ದರು.

ಕೋಲಾರದ ಹಳೇ ಕ್ರೂ
ರೆಕ್ಕೆ ಹತ್ತಿರದ ಸೀಟುಗಳಲ್ಲಿ ಕಡಿಮೆ, ಬಾಲದ ಕಡೆ ಜಾಸ್ತಿ. ಮಳೆಗಾಲದಲ್ಲಿ ಮೋಡದ ನಡುವೆ ಏರುವಾಗ ಇಳಿಯುವಾಗ ಇದ್ದದ್ದೇ. ವಿಮಾನಕ್ಕೆ ಏನೂ ಆಗಲ್ಲ. ಬೆಲ್ಟ್ ಇಲ್ಲದವರಿಗೆ ಆಗುತ್ತದೆ. 2024ರ ಮೇನಲ್ಲಿ ಲಂಡನ್‌ನಿಂದ ಸಿಂಗಪುರಕ್ಕೆ ಹೊರಟ ವಿಮಾನ ಭಾರೀ ಕುಲುಕಾಟಕ್ಕೆ ಸಿಕ್ಕಿ ಬ್ಯಾಂಕಾಕಿನಲ್ಲಿ ಇಳಿಯಿತು. ಒಬ್ಬರು ತೀರಿಕೊಂಡರು, ಹತ್ತಾರು ಜನಕ್ಕೆ ಗಾಯ. ಆಮೇಲೆ ಆ ಕಂಪನಿ ಬೆಲ್ಟ್ ದೀಪ ಹತ್ತಿದಾಗ ಬಿಸಿ ಪಾನೀಯ ಕೊಡುವುದನ್ನೇ ನಿಲ್ಲಿಸಿತು. ಅದಕ್ಕೇ ದೀಪ ಆರಿದರೂ ಬೆಲ್ಟ್ ಸಡಿಲವಾಗಿಯಾದರೂ ಹಾಕಿಕೊಂಡೇ ಕೂರಿ. ಹೆಂಗಸರು ಸೀರೆ ಮೇಲೆ ಕಾಣುವ ಹಾಗೆ ಹಾಕಿಕೊಂಡರೆ ನಿದ್ದೆಯಲ್ಲಿ ಯಾರೂ ಎಬ್ಬಿಸಲ್ಲ.

ನಂದಿ ತಪ್ಪಲು
ತಡವಾದರೆ ಏನು ಅನ್ನುವುದೂ ಗೊತ್ತಿರಲಿ. ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟ 3 ಗಂಟೆ ತಡವಾದರೆ ತಿಂಡಿ ಊಟ ಕೊಡಬೇಕು ಅನ್ನುವುದು ಡಿಜಿಸಿಎ ನಿಯಮ. ಕೌಂಟರಿಗೆ ಹೋಗಿ ಕೇಳಿದರೆ ಮಾತ್ರ ನೆನಪಾಗುತ್ತದೆ ಅವರಿಗೆ. 6 ಗಂಟೆ ದಾಟುತ್ತದೆ ಅಂತಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಟಿಕೆಟ್ ಇದ್ದೂ ಸೀಟಿಲ್ಲ ಅಂತ ಇಳಿಸಿ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನವನ್ನೂ ಕೊಡದಿದ್ದರೆ ಪರಿಹಾರ ಇದೆ, 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ 10 ಸಾವಿರದವರೆಗೆ, ಅದೂ ಮೀರಿದರೆ 20 ಸಾವಿರದವರೆಗೆ. ಮಂಜು, ಮಳೆ ಥರದ ಕಾರಣಕ್ಕೆ ತಡವಾದರೆ ಪರಿಹಾರದ ದುಡ್ಡು ಬರಲ್ಲ. ಡಿಸೆಂಬರ್, ಜನವರಿಯಲ್ಲಿ ವಾರಾಣಸಿ ಕಡೆ ಬೆಳಗಿನ ಮಂಜು ವಿಪರೀತ, ಆ ತಿಂಗಳಾದರೆ ಮಧ್ಯಾಹ್ನದ ವಿಮಾನ ಹಿಡಿಯಿರಿ.

ಬಾಗೇಪಲ್ಲಿ ಗಡಿ
ಇಷ್ಟೆಲ್ಲ ತಲೆನೋವು ಯಾಕೆ, ರೈಲಿನಲ್ಲಿ ಹೋಗಬಹುದಲ್ಲ. ಸರ್ಕಾರದ ಭಾರತ್ ಗೌರವ್ ಕಾಶಿ ರೈಲಿಗೆ ಸಹಾಯಧನವೂ ಇತ್ತು.

ಕ್ಯಾತ್ಸಂದ್ರದವನು
ಯೋಚಿಸಿದ್ದೆವು. ಅಷ್ಟು ದಿನ ರೈಲಿನಲ್ಲಿ ಕೂರಲು ಅಮ್ಮನ ಮಂಡಿ ಒಪ್ಪಲ್ಲ. ಅಪ್ಪನಿಗೂ ಒಮ್ಮೆ ವಿಮಾನ ಹತ್ತುವ ಆಸೆ ಇದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಈಗ ಅಪ್ಪನಿಗೆ ನಡುದಾರಿ ಸೀಟು, ಅಮ್ಮನಿಗೆ ನಡುಸೀಟು, ನನಗೆ ಕಿಟಕಿ ಅಂತ ಒಂದೇ ಸಾಲಿನಲ್ಲಿ ನೋಡುತ್ತಿದ್ದೇನೆ.

ಚಿಂತಾಮಣಿ ಅಮ್ಮ
ಅಯ್ಯೋ, ಮೊದಲ ಸಲ ಹೋಗುವವರಿಗೆ ಕಿಟಕಿ ಬಿಟ್ಟುಕೊಡಪ್ಪ! ಅಮ್ಮ ಕಿಟಕಿಗೆ, ನೀನು ನಡುವೆ.

ಕೋಲಾರದ ಹಳೇ ಕ್ರೂ
ಅವರು ಹೇಳಿದ್ದು ಸರಿ. ಶೌಚಾಲಯಕ್ಕೆ ಮಾತ್ರ ಹತ್ತುವ ಮೊದಲೇ, ನಿಲ್ದಾಣದಲ್ಲೇ ಕರೆದುಕೊಂಡು ಹೋಗಿ ಬನ್ನಿ.

ಪಾವಗಡ ಬಿಸಿಲು
ತುಮಕೂರಿನಿಂದ ನಿಲ್ದಾಣಕ್ಕೆ ಬೆಂಗಳೂರೊಳಗೆ ಹೋಗಬೇಡಿ ಅಣ್ಣ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಟಿಕೆಟ್ಟಿನಲ್ಲಿ ಟರ್ಮಿನಲ್ 1ಓ 2ಓ ನೋಡಿಕೊಂಡು ಡ್ರೈವರಿಗೆ ಮೊದಲೇ ಹೇಳಿ.

ಕ್ಯಾತ್ಸಂದ್ರದವನು
ಆಯಿತು, ಕಿಟಕಿ ಅಮ್ಮನಿಗೇ. ವೀಲ್‌ಚೇರ್ ಕೋಡ್ ಈಗಲೇ ಸೇರಿಸುತ್ತಿದ್ದೇನೆ. ಹಳೇ ಕ್ರೂ ಅಕ್ಕ, ವಾರಾಣಸಿಯಲ್ಲಿ ಇಳಿದ ಮೇಲೂ ವೀಲ್‌ಚೇರ್ ಅದೇ ಬುಕಿಂಗಿನಲ್ಲಿ ಸಿಗುತ್ತದಾ, ಬೇರೆ ಕೇಳಬೇಕಾ?

ಕೋಲಾರದ ಹಳೇ ಕ್ರೂ
ಅದೇ ಬುಕಿಂಗಿನಲ್ಲಿ ಬರುತ್ತದೆ. ಇಳಿಯುವ ಮೊದಲು ಕ್ರೂಗೆ ಒಮ್ಮೆ ನೆನಪಿಸಿ, ಎಲ್ಲರೂ ಇಳಿಯುವವರೆಗೆ ಸೀಟಿನಲ್ಲೇ ಕೂತಿರಿ, ಬಾಗಿಲಿಗೇ ತರುತ್ತಾರೆ. ವಾಪಸ್ ಟಿಕೆಟ್ ಬೇರೆ ಪಿಎನ್‌ಆರ್ ಆದರೆ ಅದಕ್ಕೆ ಮತ್ತೆ ಹಾಕಬೇಕು.